ಹಲ್ಲಿ ಇಲ್ಲದ ಊರಲ್ಲಿ ಆಪಲ್ ಬಟರ್

ಸ್ಲೋ ಕುಕ್ಕರ್ ಅನ್ನೋದು ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆಂದೇ ಹುಟ್ಟಿದ ಪಾತ್ರೆ. ಬೆಳಿಗ್ಗೆ ಎಲ್ಲ ಹೆಚ್ಚಿ ಹಾಕಿ, ಮುಚ್ಚಳ ಮುಚ್ಚಿ, ಸ್ವಿಚ್ ಒತ್ತಿ ಆಫೀಸಿಗೆ ಹೋಗಬೇಕು. ಸಂಜೆ ಬಂದಾಗ ಅಡುಗೆ ಆಗಿರುತ್ತದೆ. ನಡುವೆ ಯಾರೂ ಮುಟ್ಟಬಾರದು, ಇಣುಕಬಾರದು. ಪುತ್ತೂರಿನಿಂದ ಅಮ್ಮ ಬಂದು ಉಳಿದಿರುವ ಮನೆಯಲ್ಲಿ ಇಂಥ ಪಾತ್ರೆಗೆ ಉಳಿಗಾಲವಿಲ್ಲ.

ಇದನ್ನು ಕಂಡುಹಿಡಿದ ಇರ್ವಿಂಗ್ ನಾಕ್ಸನ್‌ಗೂ ಐಡಿಯಾ ಸಿಕ್ಕಿದ್ದು ಅಮ್ಮನಿಂದಲೇ. ಆಕೆ ಲಿಥುವೇನಿಯಾ ಕಡೆಯವರು. ಅಲ್ಲಿ ಯಹೂದಿಗಳು ಶುಕ್ರವಾರ ಕತ್ತಲಾಗುವ ಮುಂಚೆ ಚೋಲೆಂಟ್ ಅನ್ನೋ ಅಡುಗೆಯ ಪಾತ್ರೆಯನ್ನು ಬೇಕರಿಯ ಒಲೆಯೊಳಗೆ ಇಟ್ಟು ಬರುತ್ತಿದ್ದರಂತೆ. ಶನಿವಾರ ಸಬ್ಬತ್, ಅಂದರೆ ಅವರ ವಿಶ್ರಾಂತಿಯ ದಿನ, ಬೆಂಕಿ ಹಚ್ಚುವಂತಿಲ್ಲ. ಒಲೆಯಲ್ಲಿ ಉಳಿದ ಕಾವಿಗೇ ಅದು ರಾತ್ರಿಯಿಡೀ ಬೇಯುತ್ತಿತ್ತು. ನಾಕ್ಸನ್ ಅದನ್ನು ಕರೆಂಟಿಗೆ ತಂದು 1940ರಲ್ಲಿ ಪೇಟೆಂಟ್ ಪಡೆದರು. 1970ರಲ್ಲಿ ರೈವಲ್ ಅನ್ನೋ ಕಂಪನಿ ಅವರ ಕಂಪನಿಯನ್ನು ಕೊಂಡು, ಮರುವರ್ಷ ಅದೇ ಪಾತ್ರೆಗೆ ಕ್ರಾಕ್-ಪಾಟ್ ಅಂತ ಹೆಸರಿಟ್ಟು ಮಾರತೊಡಗಿತು. ನಾಕ್ಸನ್ ಅವರ ಅಮ್ಮನ ಊರಿನವರು ಪಾತ್ರೆ ಇಟ್ಟು ಮನೆಗೆ ಹೋಗುವ ಜನ. ನಮ್ಮಮ್ಮ ಆ ಪೈಕಿ ಅಲ್ಲ.

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಹ್ಯಾರಿಸ್‌ಬರ್ಗ್ ಹತ್ತಿರ. ಅಲ್ಲಿಂದ ಒಂದು ಗಂಟೆ ಕಾರು ಓಡಿಸಿದರೆ ಆಡಮ್ಸ್ ಕೌಂಟಿ. ಕಣ್ಣು ಹಾಯಿಸಿದಷ್ಟೂ ಸೇಬಿನ ತೋಟ. ಅಕ್ಟೋಬರಿನ ಮೊದಲ ಎರಡು ವಾರಾಂತ್ಯ ಅರೆಂಡ್ಸ್‌ವಿಲ್ ಕಡೆ ಸೇಬಿನ ಜಾತ್ರೆಯೇ ನಡೆಯುತ್ತದೆ. ಕೆಲವು ತೋಟಗಳಲ್ಲಿ ನಾವೇ ಹಣ್ಣು ಕೊಯ್ದುಕೊಳ್ಳಬಹುದು. ನಾವು ಹೋದ ತೋಟದಲ್ಲಿ ತೂಕಕ್ಕೆ ದುಡ್ಡಿಲ್ಲ, ಚೀಲಕ್ಕೆ ದುಡ್ಡು. ಈ ನಿಯಮ ಮಾಡಿದವರು ದಕ್ಷಿಣ ಕನ್ನಡದ ತಾಯಂದಿರನ್ನು ನೋಡಿರಲಿಕ್ಕಿಲ್ಲ.

ಅರ್ಧ ಬುಷೆಲ್ ಚೀಲದಲ್ಲಿ ಹತ್ತು ಕಿಲೋ ಹತ್ತಿರ ಹಣ್ಣು ಹಿಡಿಯುತ್ತದೆ. ಅಮ್ಮ ಮೊದಲು ದೊಡ್ಡ ಹಣ್ಣು ಜೋಡಿಸಿದರು. ಸಂದಿಗೆ ಸಣ್ಣವು ತುರುಕಿದರು. ಚೀಲದ ಬಾಯಿಯ ಮೇಲೆ ಗೋಪುರ ಕಟ್ಟಿದರು. ಇಷ್ಟಾದರೂ ಅವರ ಕಣ್ಣು ನೆಲದ ಮೇಲೇ. ಮರದ ಬುಡದಲ್ಲಿ ರಾಶಿ ಹಣ್ಣು ಬಿದ್ದು ಕೊಳೆಯುತ್ತಿತ್ತು. ಬಿದ್ದ ಹಣ್ಣು ಆರಿಸಬೇಡಿ ಅಂತ ಬೋರ್ಡು ಹಾಕಿದ್ದಾರೆ, ಜಿಂಕೆ ಓಡಾಡುವ ಜಾಗ, ಹಿಕ್ಕೆ ಇರುತ್ತದೆ ಅಂದೆ. "ಜಿಂಕೆ ತಿಂದು ಬಿಟ್ಟದ್ದಾದ್ರೆ ಒಳ್ಳೆ ಜಾತಿಯ ಹಣ್ಣೇ ಮಾರಾಯ" ಅಂದರು.

ಮನೆಗೆ ಬಂದ ಮೇಲೆ ಫ್ರಿಜ್ಜಿನಲ್ಲಿ ಹಾಲಿಡಲು ಜಾಗವಿಲ್ಲ. ಸೇಬಿನ ಸಾಸಿವೆ ಆಯಿತು. ಸೇಬಿನ ಮೆಣಸ್ಕಾಯಿ ಆಯಿತು. ಮಗನ ಟಿಫಿನ್ ಡಬ್ಬಿ ದಿನಾ ಹೇಗೆ ಹೋಯಿತೋ ಹಾಗೇ ವಾಪಸ್ ಬಂತು. ಆಗ ನೆರವಿಗೆ ಬಂದವರು ಪಕ್ಕದ ಮನೆಯ ಅಜ್ಜಿ.

ಅವರು ಪೆನ್ಸಿಲ್ವೇನಿಯಾ ಡಚ್ ಮನೆತನದವರು. ಹೆಸರಲ್ಲಿ ಡಚ್ ಅಂತಿದ್ದರೂ ಮೂಲ ಜರ್ಮನ್ ಸೀಮೆ. ಸೇಬು ಜಾಸ್ತಿಯಾದರೆ ಇವರು ಮಾಡುವುದು ಆಪಲ್ ಬಟರ್. ಬೆಣ್ಣೆ ಗಿಣ್ಣೆ ಏನೂ ಹಾಕುವುದಿಲ್ಲ. ಸೇಬನ್ನು ಕಂದು ಬಣ್ಣಕ್ಕೆ ತಿರುಗಿ ಬ್ರೆಡ್ಡಿಗೆ ಹಚ್ಚುವ ಹದ ಬರುವವರೆಗೆ ಕಾಯಿಸುತ್ತಾರೆ, ಅಷ್ಟೇ. ಹಿಂದೆಲ್ಲ ಇದು ಊರಿನ ಕೆಲಸ. ಹಿಂದಿನ ರಾತ್ರಿ ನೆರೆಹೊರೆಯವರು ಸೇರಿ ಸೇಬು ಸುಲಿದು ಹೋಳು ಮಾಡುತ್ತಿದ್ದರು. ಬೆಳಗಾದರೆ ಅಂಗಳದಲ್ಲಿ ದೊಡ್ಡ ತಾಮ್ರದ ಹಂಡೆ. ಮೊದಲು ಸೇಬಿನ ರಸ ಕುದಿಸಿ ಬತ್ತಿಸಬೇಕು. ಆಮೇಲೆ ಹೋಳು. ಬೆಂಕಿಯ ಝಳ ತಾಗದಷ್ಟು ದೂರ ನಿಂತು, ಉದ್ದ ಹಿಡಿಯ ಮರದ ಹುಟ್ಟಿನಿಂದ ಸಂಜೆವರೆಗೆ ತಿರುವಬೇಕು. ಅಂಚಿನಲ್ಲಿ ಎರಡು ಸುತ್ತು, ನಡುವೆ ಒಂದು ಸಲ. ತಳ ಹಿಡಿಯದಿರಲಿ ಅಂತ ಹಂಡೆಯೊಳಗೆ ತಾಮ್ರದ ನಾಣ್ಯ ಹಾಕುವುದೂ ಇತ್ತಂತೆ.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತಾ ಹೋದಂತೆ ಅಮ್ಮನ ಮುಖ ಅರಳಿತು. "ಇದು ಪೆರಟಿಯೇ ಅಲ್ವಾ!" ಅಂದರು. ಹಲಸಿನ ಹಣ್ಣಿನ ಕಾಲದಲ್ಲಿ ನಮ್ಮ ಕಡೆ ತೊಳೆಗಳನ್ನು ಬೇಯಿಸಿ, ಅರೆದು, ಬೆಲ್ಲ ಹಾಕಿ ಉರುಳಿಯಲ್ಲಿ ಕಾಯಿಸುತ್ತಾರೆ. ಕೈ ಬಿದ್ದುಹೋಗುವಷ್ಟು ತಿರುವಬೇಕು. ಗಟ್ಟಿಯಾದ ಪೆರಟಿ ಭರಣಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ತೆಗೆದು ಪಾಯಸ ಮಾಡಬಹುದು. ಅಜ್ಜಿಗೂ ಅಮ್ಮನಿಗೂ ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ಆದರೆ ಇಬ್ಬರೂ ಗಾಳಿಯಲ್ಲಿ ಸಟ್ಟುಗ ತಿರುವಿ ತೋರಿಸಿಕೊಂಡರು. ಸುತ್ತು ಎರಡೂ ಕಡೆ ಒಂದೇ.

ಅಲ್ಲಿಗೇ ಒಂದು ಕಡಾಯಿ ಇಟ್ಟಿದ್ದರೆ ಕಥೆ ಸುಖಾಂತ್ಯವಾಗುತ್ತಿತ್ತು. ಅಜ್ಜಿ "ಈಗ ಯಾರು ತಿರುವುತ್ತಾರೆ?" ಅನ್ನುತ್ತಾ ತಮ್ಮ ಹಳೇ ಕ್ರಾಕ್-ಪಾಟ್ ತಂದುಕೊಟ್ಟರು. ಕಿತ್ತಳೆ ಬಣ್ಣದ್ದು. ಟೈಮರ್ ಇಲ್ಲ, ದೀಪ ಇಲ್ಲ. ಲೋ, ಹೈ ಅನ್ನೋ ಒಂದು ತಿರುಗಣೆ ಮಾತ್ರ. ಒಳಗಿನ ಪಿಂಗಾಣಿ ಪಾತ್ರೆ ಹೊರಗೆ ಬರುವುದೂ ಇಲ್ಲ. ತೊಳೆಯಬೇಕಾದರೆ ವಯರಿಗೆ ನೀರು ತಾಗದ ಹಾಗೆ ಮಗುವಿಗೆ ಎಣ್ಣೆಸ್ನಾನ ಮಾಡಿಸುವಷ್ಟು ಜಾಗ್ರತೆ ಬೇಕು.

ಈ ಯಂತ್ರ ಮುಚ್ಚಳ ಹಾಕಿಯೇ ಕೆಲಸ ಮಾಡೋದು. ಎದ್ದ ಹಬೆ ಗಾಜಿನ ಮುಚ್ಚಳಕ್ಕೆ ತಾಗಿ ನೀರಾಗಿ ವಾಪಸ್ ಒಳಗೇ ಬೀಳುತ್ತದೆ. ಹುಳಿಗೋ ಸಾಂಬಾರಿಗೋ ಇದು ಸರಿ. ಆದರೆ ಸೇಬಿನಲ್ಲಿ ನೂರಕ್ಕೆ 85 ಪಾಲು ನೀರೇ. ಹಣ್ಣಿನ ಬಟರ್ ಅಂತ ಹೆಸರು ಹಾಕಿ ಮಾರಬೇಕಾದರೆ ಕರಗಿದ ಗಟ್ಟಿ ಅಂಶ ನೂರಕ್ಕೆ 43 ಆದರೂ ಇರಬೇಕು ಅಂತ ಇಲ್ಲಿನ ಸರ್ಕಾರವೇ ನಿಯಮ ಮಾಡಿದೆ. ಆ ನೀರೆಲ್ಲ ಹೊರಗೆ ಹೋಗಲೇಬೇಕು. ಹಾಗಾಗಿ ಹಣ್ಣು ಮೆತ್ತಗಾದ ಮೇಲೆ ಮುಚ್ಚಳವನ್ನು ಓರೆ ಮಾಡಿ, ನಡುವೆ ಮರದ ಚಮಚ ಅಡ್ಡ ಇಟ್ಟು ರಾತ್ರಿಯಿಡೀ ಬಿಡಬೇಕು. ಅಜ್ಜಿ ಹೇಳಿದ್ದು ಹೀಗೆ. ನಾನು ಹಾಗೇ ಇಟ್ಟು ಮಲಗಿದೆ.

ಅಮ್ಮ ನೀರು ಕುಡಿಯಲು ಎದ್ದರು. ಅಡುಗೆಮನೆಯಲ್ಲಿ ಬಾಯಿ ತೆರೆದ ಪಾತ್ರೆ. ಚಮಚ ತೆಗೆದಿಟ್ಟು ಮುಚ್ಚಳ ಭದ್ರ ಮಾಡಿ ಮಲಗಿದರು. ಸೇಬಿನ ಪರಿಮಳಕ್ಕೆ ನಿದ್ದೆ ಹಾರಿ ನಾನು ಎದ್ದೆ. ಚಮಚ ಮತ್ತೆ ಅಡ್ಡ ಇಟ್ಟೆ. ಆಮೇಲೆ ಅಮ್ಮ ಎದ್ದರು. ಅವರ ವಯಸ್ಸಿನಲ್ಲಿ ರಾತ್ರಿ ಏಳುವುದು ಜಾಸ್ತಿ. ನನ್ನ ಹೆಂಡತಿಯೂ ನಡುವೆ ಎದ್ದು ಒಂದು ಚಮಚ ರುಚಿ ನೋಡಿ ಹೋದಳು ಅಂತ ಆಮೇಲೆ ಗೊತ್ತಾಯಿತು. ಕೊನೆಗೊಮ್ಮೆ ಕತ್ತಲಲ್ಲಿ ನಾನೂ ಅಮ್ಮನೂ ಕುಕ್ಕರ್ ಮುಂದೆ ಮುಖಾಮುಖಿಯಾದೆವು.

"ಮುಚ್ಚಳ ಯಾಕೆ ತೆಗ್ದಿಡುದು ನೀನು? ಹಲ್ಲಿ ಬಿದ್ರೆ?"

"ಅಮ್ಮ, ಪೆನ್ಸಿಲ್ವೇನಿಯಾದಲ್ಲಿ ಮನೆಯೊಳಗೆ ಹಲ್ಲಿ ಇಲ್ಲ."

"ಇಲ್ಲ ಅಂತ ನಿಂಗೆ ಹೇಗೆ ಗೊತ್ತು? ಅದೆಂತ ನಿನ್ನತ್ರ ಕೇಳಿ ಬರ್ತದಾ?"

ಈ ಪ್ರಶ್ನೆಗೆ ಉತ್ತರ ಇದ್ದವರು ಇರಬಹುದು. ರಾತ್ರಿ ಆ ಹೊತ್ತಿನಲ್ಲಿ ನನ್ನ ಹತ್ತಿರ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಒಳಗೆ ತೆಳ್ಳನೆಯ ಸೇಬಿನ ಗಂಜಿ. ಹಬೆಯೆಲ್ಲ ಅಮ್ಮನ ಕಾವಲಿನಲ್ಲಿ ಕ್ಷೇಮವಾಗಿ ಒಳಗೇ ಉಳಿದಿತ್ತು.

ಅದನ್ನು ನುಣ್ಣಗೆ ಮಾಡಲು ನನ್ನ ಹೆಂಡತಿ ಕೈ ಬ್ಲೆಂಡರ್ ಹುಡುಕುತ್ತಿದ್ದಳು. ಅಷ್ಟರಲ್ಲಿ ಅಮ್ಮ ಸೂಟ್‌ಕೇಸಿನಿಂದ ಕಡಗೋಲು ತೆಗೆದರು. ಅಮೆರಿಕದಲ್ಲಿ ಮಜ್ಜಿಗೆ ಕಡೆಯಲು ಏನೂ ಸಿಗಲಿಕ್ಕಿಲ್ಲ ಅಂತ ಊರಿಂದಲೇ ತಂದಿದ್ದರು. ಮೆತ್ತಗಾದ ಸೇಬಿಗೆ ಕಡಗೋಲು ಚೆನ್ನಾಗಿಯೇ ಹೊಂದುತ್ತದೆ ಅನ್ನೋದನ್ನು ಒಪ್ಪಬೇಕು. ಸಿಪ್ಪೆ ಸಮೇತ ಬೇಯಿಸಿದ್ದೆವು, ಗಟ್ಟಿಯಾಗಲು ನೆರವಾಗುವ ಪೆಕ್ಟಿನ್ ಅದರಲ್ಲೇ ಜಾಸ್ತಿ. ಸಿಪ್ಪೆಯೆಲ್ಲ ಕಡಗೋಲಿನ ಹಲ್ಲಿಗೆ ಸುತ್ತಿಕೊಂಡು ಬಂತು. ಹಿಟ್ಟಿನಂಥ ತಿರುಳು ಮಾತ್ರ ಪಾತ್ರೆಯಲ್ಲಿ ಉಳಿಯಿತು.

ಅವತ್ತು ಸೋಮವಾರ. ನನಗೆ ಮನೆಯಿಂದಲೇ ಕೆಲಸ. ಮುಚ್ಚಳದ ಮೇಲೆ ನಿಗಾ ಇಡಬೇಕಲ್ಲ, ಲ್ಯಾಪ್‌ಟಾಪನ್ನು ಅಡುಗೆಕಟ್ಟೆಗೇ ತಂದೆ. ಮುಚ್ಚಳ ಪೂರ್ತಿ ತೆಗೆದು ಹೈ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಬಣ್ಣ ತಿರುಗಿತು. ನೀರಿದ್ದಾಗ ಗುಳ್ಳೆ ಸುಮ್ನೆ ಎದ್ದು ಸುಮ್ನೆ ಒಡೆಯುತ್ತದೆ. ಗಟ್ಟಿಯಾದ ಮೇಲೆ ಹಾಗಲ್ಲ. ಮೇಲ್ಮೈ ಒಂದು ಕಡೆ ನಿಧಾನಕ್ಕೆ ಉಬ್ಬುತ್ತದೆ. ಉಬ್ಬಿ ಒಂದು ಕ್ಷಣ ಹೊಳೆಯುತ್ತಾ ನಿಲ್ಲುತ್ತದೆ. ಆಮೇಲೆ ಪ್ಳಕ್! ಮೊದಲನೆಯದು ಗೋಡೆಗೆ. ಎರಡನೆಯದು ಕ್ಯಾಲೆಂಡರಿನ ಸಂಕಷ್ಟಿಯ ಮೇಲೆ. ಮೂರನೆಯದು ನೇರ ಲ್ಯಾಪ್‌ಟಾಪಿಗೆ, ಪರದೆಯಲ್ಲಿ ಗಂಭೀರವಾಗಿ ಮಾತಾಡುತ್ತಿದ್ದ ನಮ್ಮ ಮ್ಯಾನೇಜರ್ ಹಣೆಗೆ. ಹುಬ್ಬುಗಳ ನಡುವೆ, ಸರಿಯಾಗಿ ಬೊಟ್ಟಿಡುವ ಜಾಗದಲ್ಲಿ.

ಅಮ್ಮ ಸೆರಗು ಹಿಡಿದು ಓಡಿ ಬಂದರು. ನನ್ನ ಲ್ಯಾಪ್‌ಟಾಪಿನದು ಟಚ್ ಸ್ಕ್ರೀನ್. ಮೊದಲ ಉಜ್ಜಿಗೆ ಮೈಕ್ ಆನ್ ಆಯಿತು. ಎರಡನೇ ಉಜ್ಜಿಗೆ ನನ್ನ ಕ್ಯಾಮೆರಾ ಆನ್ ಆಯಿತು. ನಮ್ಮ ಇಡೀ ತಂಡಕ್ಕೆ ಕಂಡದ್ದು ಕ್ಯಾಮೆರಾ ತುಂಬ ನಮ್ಮಮ್ಮನ ಮುಖ. ಕೇಳಿಸಿದ್ದು "ಪಾಪ, ಇವನ ಹಣೆಗೇ ಬಿತ್ತಲ್ಲ, ಬಿಸಿ ಉಂಟು" ಅನ್ನೋ ಮಾತು. ತಂಡದಲ್ಲಿ ಹುಬ್ಬಳ್ಳಿಯ ಹುಡುಗ ಒಬ್ಬನಿದ್ದಾನೆ. ಅವನೊಬ್ಬನಿಗೆ ಅರ್ಥವಾಗಿ, ಕೆಮ್ಮು ಬಂತು ಅಂತ ಹೇಳಿ ಮೀಟಿಂಗ್ ಬಿಟ್ಟು ಹೋದ. ವಾಪಸ್ ಬರಲೇ ಇಲ್ಲ.

ಮಸಾಲೆ ವಿಚಾರದಲ್ಲಿ ಸಂಧಾನವೇ ಬೇಕಾಯಿತು. ಇಲ್ಲಿನವರು ದಾಲ್ಚಿನ್ನಿ, ಲವಂಗ ಹಾಕದೆ ಬಿಡುವುದಿಲ್ಲ. "ಇದೆಂತ, ಹಣ್ಣಿನ ಪಲಾವಾ?" ಅಂತ ಅಮ್ಮ. ಕೊನೆಗೆ ಅರ್ಧ ಭಾಗ ಬೇರೆ ಪಾತ್ರೆಗೆ ತೆಗೆದು ಬೆಲ್ಲ, ಏಲಕ್ಕಿ ಹಾಕಿ ಗ್ಯಾಸ್ ಮೇಲಿಟ್ಟರು. ಅವರದು ಬೇಗ ಮುಗಿಯಿತು. ಮುಗಿದ ಮೇಲೆ ಬಂದು ನಮ್ಮ ಕುಕ್ಕರಿನ ಮುಂದೆ ಕುರ್ಚಿ ಹಾಕಿ ಕೂತರು. ಆ ಮೌನದಲ್ಲಿ ಮಾತು ಬಹಳ ಇತ್ತು.

ಹದ ನೋಡುವ ವಿಷಯದಲ್ಲೂ ಎರಡು ಮತ. ಅಜ್ಜಿಯ ಪ್ರಕಾರ ತಣ್ಣನೆ ತಟ್ಟೆಗೆ ಒಂದು ಚಮಚ ಹಾಕಬೇಕು. ಸುತ್ತ ನೀರಿನ ಗೆರೆ ಬಿಡದಿದ್ದರೆ ಆಯಿತು ಅಂತ. ಅಮ್ಮನ ಪ್ರಕಾರ ಸಟ್ಟುಗದಲ್ಲಿ ತೆಗೆದು ಬೋರಲು ಹಿಡಿಯಬೇಕು. ಬೀಳದಿದ್ದರೆ ಆಯಿತು. ನಮ್ಮ ಬಟರ್ ಅಜ್ಜಿಯ ಪರೀಕ್ಷೆಯಲ್ಲಿ ಸಂಜೆಗೇ ಪಾಸಾಯಿತು. ಅಮ್ಮನ ಪರೀಕ್ಷೆಯಲ್ಲಿ ಪಾಸಾಗುವಷ್ಟರಲ್ಲಿ ಮಗ ಹೋಂವರ್ಕ್ ಮುಗಿಸಿ ಮಲಗಿದ್ದ.

ಬಾಟಲಿ ತುಂಬುವುದು ಇಲ್ಲಿ ಒಂದು ಶಾಸ್ತ್ರ. ಜಾನ್ ಮೇಸನ್ ಅನ್ನುವವರು 1858ರಲ್ಲಿ ಪೇಟೆಂಟ್ ಪಡೆದ ಸ್ಕ್ರೂ ಮುಚ್ಚಳದ ಗಾಜಿನ ಜಾಡಿಯನ್ನೇ ಸ್ವಲ್ಪ ಬದಲಿಸಿಕೊಂಡು ಇವತ್ತಿಗೂ ಬಳಸುತ್ತಾರೆ. ಬಿಸಿ ಬಟರ್ ತುಂಬಿ, ಮುಚ್ಚಳ ಹಾಕಿ, ಕುದಿಯುವ ನೀರಿನಲ್ಲಿ ಮುಳುಗಿಸಿ ತೆಗೆಯಬೇಕು. ಆರುವಾಗ ಒಳಗೆ ನಿರ್ವಾತ ಉಂಟಾಗಿ ತಗಡಿನ ಮುಚ್ಚಳ ಕೆಳಕ್ಕೆ ಜಗ್ಗುತ್ತದೆ. ಆಗ ಟಿಕ್ ಅಂತ ಸದ್ದು. ಸದ್ದು ಬಂದರೆ ಜಾಡಿ ಭದ್ರ.

ಜಾಡಿಗಳನ್ನು ಸಾಲಾಗಿಟ್ಟು ನಾವು ಊಟಕ್ಕೆ ಕೂತೆವು. ಊರಿನ ಜಾಗದ ಸರ್ವೆ ಈ ವರ್ಷವಾದರೂ ಮುಗಿಯಬಹುದು ಅಂತ ಅಮ್ಮ ಹೇಳುತ್ತಿದ್ದರು. ಅಡುಗೆಮನೆಯಿಂದ ಟಿಕ್ ಅಂತ ಕೇಳಿಸಿತು. ಅಮ್ಮ ತಕ್ಷಣ ಮೇಜಿಗೆ ಬೆರಳು ಕುಟ್ಟಿ "ಕೃಷ್ಣ ಕೃಷ್ಣ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹಲ್ಲಿ ಇಲ್ಲ ಅಂದಿದ್ದೆ?" ಟಿಕ್. "ಕೃಷ್ಣ ಕೃಷ್ಣ." ನಿರ್ವಾತದ ವಿಜ್ಞಾನ ವಿವರಿಸಲು ಬಾಯಿ ತೆರೆದೆ. ಟಿಕ್. "ನೋಡು, ಸತ್ಯ ನುಡೀತಾ ಉಂಟು" ಅಂದರು. ಸರ್ವೆ ಇನ್ನೂ ಮುಗಿದಿಲ್ಲ.

ಅಷ್ಟೊಂದು ಹಣ್ಣು ಇಂಗಿ ಉಳಿದದ್ದು ಬೆರಳೆಣಿಕೆಯ ಜಾಡಿ. ರುಚಿ ಮಾತ್ರ ಚೆನ್ನಾಗಿತ್ತು. ಒಳ್ಳೆ ಹುಳಿ, ಆಳದ ಸಿಹಿ, ಕೊನೆಗೆ ಲವಂಗದ ಒಂದು ಚುರುಕು. ಅಜ್ಜಿ ತಮ್ಮ ಪದ್ಧತಿಯಂತೆ ಕಾಟೇಜ್ ಚೀಸ್ ಜೊತೆ ತಿಂದರು. ನಾವು ನೀರುದೋಸೆಗೆ ಹಚ್ಚಿಕೊಂಡೆವು. ನೀರುದೋಸೆಯ ಜೊತೆಗೇ ಚೆಂದ ಅಂತ ನನ್ನ ತೀರ್ಪು. ಅಜ್ಜಿಗೆ ಹೇಳಿಲ್ಲ.

ಅಮ್ಮ ಊರಿಗೆ ಹೊರಟಾಗ ಒಂದು ಜಾಡಿ ತಂಗಿಗೆ ಅಂತ ತೆಗೆದಿಟ್ಟರು. ದೊಡ್ಡ ಸೂಟ್‌ಕೇಸಿಗೆ ಹಾಕೋಣ ಅಂತ ನಾನು ಅದರಲ್ಲೇ ಇಟ್ಟಿದ್ದೆ. ಒಡೆದರೆ ಸೀರೆ ಹಾಳು ಅಂತ ನಮಗೆ ಗೊತ್ತಿಲ್ಲದ ಹಾಗೆ ಅಮ್ಮ ಅದನ್ನು ಕೈಚೀಲಕ್ಕೆ ದಾಟಿಸಿದರು. ಮುಂದಿನ ಕಥೆ ಪುತ್ತೂರಿನಿಂದ ಫೋನಿನಲ್ಲಿ ಬಂತು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಜಾಡಿ ಸಿಕ್ಕಿಬಿತ್ತು. 100 ಮಿಲಿಲೀಟರಿಗಿಂತ ಜಾಸ್ತಿ ದ್ರವ ಒಯ್ಯುವ ಹಾಗಿಲ್ಲ ಅಂದರಂತೆ. ದ್ರವ ಅನ್ನುವ ಮಾತಿಗೆ ಅಮ್ಮನಿಗೆ ಸಿಟ್ಟು ಬಂತು. ಸಂಜೆಯಿಂದ ರಾತ್ರಿವರೆಗೆ ಕುರ್ಚಿ ಹಾಕಿ ಕಾದು ಕೂತವರು ಅವರು. ಅಲ್ಲೇ ಜಾಡಿಯ ಮುಚ್ಚಳ ತೆಗೆದು ಬೋರಲು ಹಿಡಿದು ತೋರಿಸಿದರಂತೆ. ಒಂದು ಹನಿ ಬೀಳಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು ಅಂತ ಅಮ್ಮ ಹೇಳುತ್ತಾರೆ, ನಾನು ಅರ್ಧ ನಂಬಿದ್ದೇನೆ. ಅಧಿಕಾರಿ ನಗುತ್ತಾ, ಇದನ್ನು ಬ್ರೆಡ್ಡಿಗೆ ಹಚ್ಚಲಿಕ್ಕೆ ಆಗುತ್ತದಾ ಅಂತ ಕೇಳಿದರಂತೆ. ಹಚ್ಚಲಿಕ್ಕೆ ಬರುವುದೆಲ್ಲ ಅವರ ಲೆಕ್ಕದಲ್ಲಿ ದ್ರವವೇ ಅನ್ನೋದು ಅಮ್ಮನಿಗೆ ಹೇಗೆ ಗೊತ್ತಾಗಬೇಕು?

"ಬ್ರೆಡ್ಡಿಗೆ ಎಂತ, ದೋಸೆಗೂ ಹಚ್ಚಬಹುದು ಅಂದೆ" ಅಂದರು ಅಮ್ಮ. "ಅಷ್ಟು ಹೇಳಿದ್ದೇ, ತೆಗ್ದು ಡಬ್ಬಕ್ಕೆ ಹಾಕಿದ್ರು. ಮುಚ್ಚಳವನ್ನೂ ಹಾಕ್ಲಿಲ್ಲ."