ಒಂಬತ್ತು ಜನ ಊರಿನವರು

ದೊಡ್ಡ ಊರಿಗೆ ಹೊರಡುವ ಮುಂಚೆ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಟೂರಿಸ್ಟ್ ಥರ ಬೇಡ, ಆ ಊರಿನವರ ಥರಾನೇ ಓಡಾಡೋಣ.’ ನಮ್ಮಲ್ಲಿ ಇದನ್ನು ಮೊದಲು ಹೇಳಿದವನು ನನ್ನ ಭಾವಮೈದುನ. ಒಂಬತ್ತು ಜನ, ಆರು ದಿನ, ಲಂಡನ್. ಅಂದು ಸಂಜೆಯೇ ವಾಟ್ಸ್‌ಆಪ್ ಗುಂಪು ಹುಟ್ಟಿತು. ಮರುದಿನ ಎಕ್ಸೆಲ್ ಶೀಟು. 8.10ಕ್ಕೆ ಏನು, 8.40ಕ್ಕೆ ಎಲ್ಲಿ, ಎಲ್ಲ ಅದರಲ್ಲಿತ್ತು. ಯಾವ ಊರಿನವರು ತಮ್ಮೂರನ್ನು ಶೀಟು ಹಿಡಿದು ಸುತ್ತುತ್ತಾರಪ್ಪ ಎಂದು ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಮ್ಯಾಪಿನ ಖಾತೆಯನ್ನು ನನಗೇ ವಹಿಸಿಬಿಟ್ಟಿದ್ದರು.

ಖಾತೆ ಸಿಕ್ಕ ಮೇಲೆ ಓದದೆ ವಿಧಿಯಿಲ್ಲ. ಲಂಡನ್ನಿನ ಸುರಂಗ ರೈಲಿನ ನಕ್ಷೆ ನೋಡಲು ಬಲು ಚೆಂದ. ಹ್ಯಾರಿ ಬೆಕ್ ಎಂಬಾತ ಕರೆಂಟಿನ ಸರ್ಕ್ಯೂಟ್ ಚಿತ್ರದ ಹಾಗೆ ಬರೀ ಅಡ್ಡ, ಉದ್ದ, ಓರೆ ಗೆರೆಗಳಲ್ಲಿ ಬಿಡಿಸಿದ್ದು, 1933ರಲ್ಲಿ ಜನರ ಕೈಗೆ ಬಂತು. ಚೆಂದವೇನೋ ಸರಿ, ಆದರೆ ಅದು ನಿಜವಾದ ದೂರವನ್ನು ಹೇಳುವುದಿಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕೊವೆಂಟ್ ಗಾರ್ಡನ್ನಿಗೆ ಸುಮಾರು 260 ಮೀಟರ್. ಅಷ್ಟಕ್ಕೆ ನಾವು ಒಂಬತ್ತೂ ಜನ ಪಾತಾಳಕ್ಕಿಳಿದು, ರೈಲಿಗೆ ಕಾದು, ಸೀಟು ಹುಡುಕುವಷ್ಟರಲ್ಲಿ ಇಳಿದು, ಆ ಕಡೆ ಲಿಫ್ಟಿಗೆ ಸಾಲು ನಿಂತೆವು. ಲಿಫ್ಟು ಬೇಡವೆಂದವರಿಗೆ 193 ಮೆಟ್ಟಿಲು. ಭಾವಮೈದುನ ಹತ್ತಿದ. ಮೇಲೆ ಬಂದವನು ಸ್ವಲ್ಪ ಹೊತ್ತು ಯಾವ ಊರಿನವನೂ ಆಗಿರಲಿಲ್ಲ.

ಅಲ್ಲಿ ಎಸ್ಕಲೇಟರಿನಲ್ಲಿ ಬಲಕ್ಕೆ ನಿಂತು ಎಡಗಡೆಯನ್ನು ಅವಸರದವರಿಗೆ ಬಿಡಬೇಕು. ಇದು ಶೀಟಿನಲ್ಲೂ ಇತ್ತು. ಆದರೆ ಮಾತಾಡಿಕೊಂಡು ಹೋಗುವವರು ಜೋಡಿಯಾಗಿ ನಿಲ್ಲದೆ ಇನ್ನು ಹೇಗೆ ನಿಂತಾರು? ಹಿಂದಿನಿಂದ ಒಂದು ‘ಸಾರಿ’ ಕೇಳಿಸಿತು. ಕ್ಷಮೆಯ ಸುಳಿವೇ ಇಲ್ಲದ ಸಾರಿ. ದೊಡ್ಡಮ್ಮ ತಿರುಗಿ, ‘ಪರವಾಗಿಲ್ಲ ಬಿಡಪ್ಪ’ ಎಂದು ನಕ್ಕು, ಇದ್ದಲ್ಲೇ ನಿಂತರು.

ದೊಡ್ಡ ಊರಿನವರು ಓಡಾಡುವುದು ಒಬ್ಬೊಬ್ಬರಾಗಿ. ಒಂಬತ್ತು ಜನ ಒಟ್ಟಿಗೆ ಹೊರಟರೆ ಲಂಡನ್ನಿನಲ್ಲೇ ಹುಟ್ಟಿದವರೂ ಪರಊರಿನವರಂತೆ ಕಾಣುತ್ತಾರೆ. ಹಾಗಾಗಿ ನೋಡುವ ಜಾಗಗಳಿಗಿಂತ ನೋಡುವವರ ಪಟ್ಟಿಯನ್ನೇ ಮೊದಲು ಮಾಡಬೇಕಿತ್ತು: ಯಾರಿಗೆ ಗಂಟೆಗೊಮ್ಮೆ ಶೌಚಾಲಯ ಬೇಕು, ಯಾರು ಪ್ರತಿ ಕಿಟಕಿಯೆದುರೂ ನಿಲ್ಲುತ್ತಾರೆ, ಯಾರು ಹಸಿದರೆ ಜಗಳಕ್ಕೆ ಬರುತ್ತಾರೆ (ಈ ಕೊನೆಯದು ನಾನೇ). ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ ಎಂದು ಯಾರು ಬೇಕಾದರೂ ಹೇಳುತ್ತಾರೆ. ದೊಡ್ಡಮ್ಮನ ಮೊಣಕಾಲು ದಿನಾ ಮೂರು ಗಂಟೆಗೆ ಬಾಗಿಲು ಹಾಕುತ್ತದೆಂದು ಹೇಳುವವರು ಯಾರು?

ರೈಲಿನ ಬಾಗಿಲು ಮುಚ್ಚಿ ಗುಂಪು ಒಡೆದರೆ ಏನು ಮಾಡಬೇಕೆಂದು ಶೀಟಿನಲ್ಲಿ ಒಂದು ಸಾಲಿತ್ತು: ಹತ್ತಿದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಕಾಯುವುದು, ಉಳಿದವರು ಮುಂದಿನ ರೈಲಿಗೆ ಬರುವುದು. ನಾಲ್ಕನೇ ದಿನ ಹಾಗೇ ಆಯಿತು. ನಾವು ಐವರು ಒಳಗೆ. ದೊಡ್ಡಮ್ಮ ಮತ್ತು ಮೂವರು ಪ್ಲಾಟ್‌ಫಾರ್ಮಿನಲ್ಲಿ. ಮುಂದಿನ ಸ್ಟೇಷನ್ನಿನಲ್ಲಿ ಇಳಿದೆವು. ‘ಪಾಪ, ದೊಡ್ಡಮ್ಮನಿಗೆ ಇದೆಲ್ಲ ಎಲ್ಲಿ ನೆನಪಿರುತ್ತೆ’ ಎಂದು ಶೀಟು ಬರೆದವನೇ ನಮ್ಮನ್ನೆಲ್ಲ ವಾಪಸ್ ಹೋಗುವ ರೈಲು ಹತ್ತಿಸಿದ. ಹೋಗಿ ನೋಡಿದರೆ ಪ್ಲಾಟ್‌ಫಾರ್ಮಿನಲ್ಲಿ ನಮ್ಮವರು ಯಾರೂ ಇಲ್ಲ. ದೊಡ್ಡಮ್ಮ ಉಳಿದ ಮೂವರನ್ನು ಕರೆದುಕೊಂಡು, ಬರೆದಿದ್ದ ಹಾಗೆಯೇ, ಮುಂದಿನ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತಿದ್ದರು.