ಸ್ಪಷ್ಟನೆ: ಆ ಪೆನಾಲ್ಟಿ ಎಡವಟ್ಟಲ್ಲ, ಗೌರವ

ಅಮೆರಿಕನ್ ಫುಟ್‌ಬಾಲ್‌ನ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯ ತಂಡ 2023ರ ಜನವರಿ 2ರಂದು ಟ್ಯಾಂಪಾದಲ್ಲಿ ಇಲಿನಾಯ್ ವಿರುದ್ಧ ಮೊದಲ ದಾಳಿಯಲ್ಲೇ ಗೊಂದಲಕ್ಕೆ ಬಿದ್ದು ಐದು ಯಾರ್ಡ್ ಕಳೆದುಕೊಂಡಿತು ಎಂಬ ವಿಡಿಯೊ ಹರಿದಾಡುತ್ತಿದೆ. ಇದು ತಪ್ಪು.

ತಂಡದ ಕೋಚ್ ಮೈಕ್ ಲೀಚ್ 2022ರ ಡಿಸೆಂಬರ್ 12ರಂದು, 61ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಹಾಗಾಗಿ ಆಟಗಾರರು ಅವರ ಹೆಸರಿನೊಂದಿಗೇ ಬೆಸೆದುಕೊಂಡ ‘ಏರ್ ರೇಡ್’ (ಪಾಸ್‌ಗಳನ್ನೇ ಹೆಚ್ಚು ನೆಚ್ಚುವ ದಾಳಿ) ವಿನ್ಯಾಸದಲ್ಲಿ ನಿಂತು, ಚೆಂಡು ಮುಟ್ಟದೆ, ಆಟ ಶುರುಮಾಡಲು ಇರುವ ಸಮಯ ತೋರಿಸುವ ಪ್ಲೇ ಕ್ಲಾಕ್ ಸೊನ್ನೆಗಿಳಿಯಲು ಬಿಟ್ಟರು. ಹೆಲ್ಮೆಟ್ ಮೇಲೆ ಲೀಚ್‌ಗೆ ಪ್ರಿಯವಾಗಿದ್ದ ಕಡಲ್ಗಳ್ಳರ ಬಾವುಟವಿತ್ತು.

ಆಟ ತಡಮಾಡಿದರೆ ನಿಯಮದಂತೆ ಐದು ಯಾರ್ಡ್ ದಂಡ. ಆದರೆ ಎದುರಾಳಿ ಬೇಡವೆಂದರೆ ಚೆಂಡು ಇದ್ದಲ್ಲೇ ಉಳಿಯುತ್ತದೆ. ಇಲಿನಾಯ್ ಬೇಡವೆಂದಿತು. ಎಂಥ ದೊಡ್ಡತನ! ಚೆಂಡನ್ನು ತಮ್ಮಲ್ಲೇ ಉಳಿಸಿಕೊಳ್ಳಲು ಮುಂದೆ ಸಾಗಬೇಕಾದ ದೂರ ಹದಿನೈದಾಗಬೇಕಿತ್ತು, ಹತ್ತು ಯಾರ್ಡೇ ಉಳಿಯಿತು. ಮಿಸಿಸಿಪ್ಪಿ ಸ್ಟೇಟ್ 19-10ರಿಂದ ಗೆದ್ದಿತು.

ಏರ್ ರೇಡ್ ಲೀಚ್ ಒಬ್ಬರದೇ ಸೃಷ್ಟಿ ಎಂಬುದೂ ಸರಿಯಲ್ಲ; ಅದು ಅಯೋವಾ ವೆಸ್ಲಿಯನ್ ಕಾಲೇಜಿನಲ್ಲಿ ಕೋಚ್ ಹಾಲ್ ಮಮ್ಮಿ ಜತೆ ಕಟ್ಟಿದ್ದು.