ಮಿಕ್ಸಿ ಜಾರು ನಮ್ಮದು, ಮೋಟಾರು ಸರ್ಕಾರದ್ದು

ಮಾರ್ಚ್ ಬಂತೆಂದರೆ ನಮ್ಮ ನಗರಪಾಲಿಕೆಗಳಿಗೆ ಮೈಮೇಲೆ ದೇವರು ಬರುತ್ತದೆ. ವರ್ಷವಿಡೀ ಫೋನ್ ಎತ್ತದವರು ಸೀದಾ ಮನೆ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಕಂದಾಯ ಕಟ್ಟದವರ ಟಿವಿ, ಫ್ರಿಜ್, ಸೋಫಾ ಜಪ್ತಿ ಮಾಡ್ತೀವಿ ಅನ್ನೋ ಎಚ್ಚರಿಕೆಯನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ನನಗಂತೂ ಖುಷಿಯಾಯಿತು. ಕಸದ ಆಟೋ ಯಾವತ್ತು ಬರುತ್ತೋ ಗೊತ್ತಿಲ್ಲ. ಬೀದಿ ದೀಪದವರು ಬರುವುದೇ ಇಲ್ಲ. ಆದರೆ ಫ್ರಿಜ್ ಒಯ್ಯುವ ಲಾರಿ ಹೇಳಿದ ದಿನ, ಹೇಳಿದ ಹೊತ್ತಿಗೆ ಬರುತ್ತದೆ. ನಾಗರಿಕ ಸೇವೆ ಅಂದರೆ ಇನ್ನೇನು?

ಜಪ್ತಿ ಅಂದರೆ ಸುಮ್ನೆ ಎತ್ತಿಕೊಂಡು ಹೋಗುವ ಕೆಲಸ ಅಂದುಕೊಳ್ಳಬೇಡಿ. ಮಹಜರು ಬರೆಯಬೇಕು, ಪಂಚರ ಸಹಿ ಹಾಕಿಸಬೇಕು. ಪಂಚರು ಯಾರು? ಪಕ್ಕದ ಮನೆ ಮೇಷ್ಟ್ರು, ಎದುರಿನ ಜೆರಾಕ್ಸ್ ಅಂಗಡಿಯವರು. ಇಬ್ಬರದೂ ಕಂದಾಯ ಬಾಕಿ ಇದೆ. ಅದಕ್ಕೇ ಸಹಿ ಹಾಕುವಾಗ ಕೈ ಸ್ವಲ್ಪ ನಡುಗುತ್ತದೆ. ಮಹಜರಿನ ಭಾಷೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ: ‘ಒಂದು ಹಳೆಯ ಫ್ರಿಜ್, ಬಿಳಿ ಬಣ್ಣ, ಬಾಗಿಲಿನ ರಬ್ಬರ್ ಸಡಿಲ, ಒಳಗಡೆ ಅರ್ಧ ಲೀಟರ್ ಹಾಲು ಮತ್ತು ಒಂದು ಡಬ್ಬಿ ಇಡ್ಲಿ ಹಿಟ್ಟು’. ಹಿಟ್ಟನ್ನು ಪಟ್ಟಿಗೆ ಸೇರಿಸಬೇಕೋ ಬೇಡವೋ ಅಂತ ರೆವಿನ್ಯೂ ಇನ್‌ಸ್ಪೆಕ್ಟರಿಗೆ ಅನುಮಾನ. ‘ಸಾರ್, ಹಿಟ್ಟು ಆಗಲೇ ಹುಳಿ ಬಂದಿದೆ, ನಾಳೆಗೆ ನಿಲ್ಲಲ್ಲ’ ಅನ್ನುತ್ತಾರೆ ಮನೆಯಾಕೆ. ಸರಿ, ಹಿಟ್ಟು ಬಿಡುಗಡೆ.

ಕಾನೂನಿಗೆ ಕರುಣೆಯಿಲ್ಲ ಅಂತ ಮಾತ್ರ ಹೇಳಬೇಡಿ. ಕೋರ್ಟು ಮಾಡುವ ಜಪ್ತಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇದೆ. ಏನೇನು ಮುಟ್ಟಬಾರದು ಅಂತ ಅದರ 60ನೇ ಕಲಂ ಪಟ್ಟಿ ಕೊಡುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಧರ್ಮದ ಪ್ರಕಾರ ಹೆಂಗಸರು ಮೈಯಿಂದ ತೆಗೆಯಬಾರದ ಒಡವೆ, ಅಂದರೆ ತಾಳಿ. ಕುಶಲಕರ್ಮಿಯ ಹತಾರ, ರೈತನ ನೇಗಿಲು. ಬ್ರಿಟಿಷರ ಕಾಲದ್ದು, ಅದಕ್ಕೇ ಅದರಲ್ಲಿ ಮಿಕ್ಸಿಯ ಮಾತಿಲ್ಲ. ಈಗ ಯೋಚನೆ ಮಾಡಿ. ಮಿಕ್ಸಿ ಜಾರು ಅಡುಗೆ ಪಾತ್ರೆಯೇ, ಯಾವ ಜಡ್ಜ್ ಮುಂದೆ ಬೇಕಾದರೂ ವಾದ ಮಾಡಬಹುದು. ಮೋಟಾರು? ಅದು ಪಾತ್ರೆಯಲ್ಲ. ಹಾಗಾದರೆ ಮೋಟಾರು ಒಯ್ದು ಜಾರು ಬಿಟ್ಟು ಹೋಗಬೇಕು. ಚಟ್ನಿ ಅರೆಯುವುದು ಹೇಗೆ ಅಂತ ಕೇಳಿದರೆ ಒರಳುಕಲ್ಲು ಇಲ್ವಾ ಅನ್ನುತ್ತಾರೆ. ಒರಳುಕಲ್ಲನ್ನು ಯಾವ ಸರ್ಕಾರವೂ ಜಪ್ತಿ ಮಾಡಲಾರದು. ಕಾನೂನಿನ ಅಡ್ಡಿ ಅಲ್ಲ, ಎತ್ತುವವರು ಬೇಕಲ್ಲ.

ಅದೇ ಕಲಮಿನಲ್ಲಿ ಇನ್ನೊಂದು ಮುತ್ತು ಇದೆ. ಪರಿಹಾರ ಕೇಳಿ ದಾವೆ ಹೂಡುವ ಬರೀ ಹಕ್ಕನ್ನು ಜಪ್ತಿ ಮಾಡುವಂತಿಲ್ಲ. ಟಿವಿ ಹೋಗಲಿ, ಫ್ರಿಜ್ ಹೋಗಲಿ, ಕೋರ್ಟಿಗೆ ಅಲೆಯುವ ಭಾಗ್ಯವನ್ನು ಮಾತ್ರ ನಮ್ಮಿಂದ ಯಾರೂ ಕಿತ್ತುಕೊಳ್ಳಲಾರರು.

ಜಪ್ತಿಗಿಂತ ಮುಂಚೆ ಬೆಂಗಳೂರಿನಲ್ಲಿ ತಮಟೆಯ ಪ್ರಯೋಗವೂ ಆಗಿತ್ತು. ಬಾಕಿದಾರರ ಕಟ್ಟಡದ ಮುಂದೆ ನಿಂತು ತಮಟೆ ಬಾರಿಸುವುದು. ಮರ್ಯಾದೆಗೆ ಅಂಜಿ ದುಡ್ಡು ಕಟ್ಟಲಿ ಅಂತ. ಒಳ್ಳೆ ಐಡಿಯಾ. ನನ್ನ ಕುತೂಹಲ ಒಂದೇ. ತಮಟೆಯವರಿಗೆ ಕೂಲಿ ಅವತ್ತೇ ಕೊಟ್ಟರೋ, ಬಿಲ್ ಹಾಕಿ ಆಮೇಲೆ ನೋಡೋಣ ಅಂದರೋ? ಪಾಲಿಕೆಯ ಕಾಂಟ್ರಾಕ್ಟರುಗಳು ಬಾಕಿ ಬಿಲ್ಲಿಗೆ ಧರಣಿ ಕೂರುವುದನ್ನು ನೋಡಿ ನೋಡಿ ಇಂಥ ಅನುಮಾನ ಬರುತ್ತದೆ.

ಕಂದಾಯ, ಜಪ್ತಿ ಅಂದಾಗ ಉತ್ತರ ಕನ್ನಡದವರಿಗೆ ಬೇರೆಯೇ ನೆನಪು ಬರುತ್ತದೆ. 1932ರ ಕರನಿರಾಕರಣೆ. ಅಂಕೋಲಾ, ಸಿದ್ದಾಪುರದ ಕಡೆ ರೈತರು ಬ್ರಿಟಿಷರಿಗೆ ಕಂದಾಯ ಕಟ್ಟಲ್ಲ ಅಂದರು. ಸರ್ಕಾರ ಮನೆಗೆ ನುಗ್ಗಿ ಸಾಮಾನು ಹೊತ್ತಿತು, ಜಮೀನು ಹರಾಜು ಹಾಕಿತು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಏನು ಮಾಡಿದರು ಗೊತ್ತಲ್ಲ. ಹರಾಜಿನಲ್ಲಿ ಆಸ್ತಿ ಕೊಂಡವರ ಮನೆ ಮುಂದೆ ಹೋಗಿ ಸತ್ಯಾಗ್ರಹ ಕೂತರು. ಜೋಗಕ್ಕೆ ಹೋಗುವವರು ದಾರಿಯಲ್ಲಿ ಸ್ಮಾರಕ ನೋಡಿರಬಹುದು, ನೋಡದೆ ಜಲಪಾತಕ್ಕೆ ಓಡಿದವರೇ ಜಾಸ್ತಿ. ಆ ಹೆಂಗಸರು ಬೈದಾಡಲಿಲ್ಲ, ಬೇರೆಯವರ ಕಷ್ಟದ ಮೇಲೆ ಲಾಭ ಮಾಡಿಕೊಂಡವರಿಗೆ ನಾಚಿಕೆ ಆಗಲಿ ಅಂತ ಉಪವಾಸ ಕೂತರು. ಇವತ್ತು ಜಪ್ತಿಯಾದ ಫ್ರಿಜ್ ಹರಾಜಿಗೆ ಬಂದರೆ ನಾವು ‘ಎಷ್ಟು ಲೀಟರ್ದು? ಇನ್ವರ್ಟರ್ ಇದೆಯಾ?’ ಅಂತ ಕೇಳುತ್ತೇವೆ.

ಇನ್ನು ದೊಡ್ಡವರ ವಿಷಯ. ಮಲ್ಲೇಶ್ವರದ ಮಂತ್ರಿ ಮಾಲ್‌ಗೆ ತೆರಿಗೆ ಬಾಕಿಗಾಗಿ 2021ರಲ್ಲಿ ಬೀಗ ಬಿತ್ತು. ಬೀಗ ತೆಗೆದರು. 2023ರ ಕೊನೆಗೆ ಮತ್ತೆ ಬಿತ್ತು. 2024ರಲ್ಲಿ ಮತ್ತೆ. ಆ ಬೀಗಕ್ಕೆ ಪಿಂಚಣಿ ಕೊಡಬೇಕು, ಅಷ್ಟು ದುಡಿದಿದೆ. ಆದರೆ ಒಂದು ಗಮನಿಸಿ. ಕೋಟಿಗಟ್ಟಲೆ ಬಾಕಿ ಇದ್ದರೆ ಬೀಗಕ್ಕೆ ಮುಂಚೆ ಮಾತುಕತೆ ಇರುತ್ತದೆ, ಕಂತು ಇರುತ್ತದೆ, ಹೈಕೋರ್ಟ್ ಇರುತ್ತದೆ. ಮೂವತ್ತು ನಲವತ್ತರ ಸೈಟಿನವನಿಗೆ ಇರುವುದು ಮಹಜರು ಮಾತ್ರ.

ಟೈಮಿಗೆ ಸರಿಯಾಗಿ ಕಟ್ಟುವ ಪೆದ್ದರಿಗೆ ಏನು ಸಿಗುತ್ತದೆ? ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಅದೂ ಸರ್ವರ್ ಎದ್ದಿದ್ದರೆ. ಕಟ್ಟದೆ ಕೂತವರಿಗೆ? 2024ರಲ್ಲಿ ಬೆಂಗಳೂರಿನಲ್ಲಿ ಒಂದೇ ಬಾರಿಯ ಇತ್ಯರ್ಥ ಅಂತ ತಂದರು. ಬಡ್ಡಿ ಪೂರ್ತಿ ಮಾಫಿ, ದಂಡದಲ್ಲಿ ಅರ್ಧ ಮಾಫಿ. ಕೊನೆಯ ದಿನ ಮುಂದಕ್ಕೆ ಹೋಗಿ ಹೋಗಿ ನವೆಂಬರ್ 30ಕ್ಕೆ ನಿಂತಿತು. ನಮ್ಮ ತಂದೆ ಸಾಲ ಮಾಡಿಯಾದರೂ ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ, ರಸೀದಿಯನ್ನು ಟ್ರಂಕಿನಲ್ಲಿ ಇಡುತ್ತಿದ್ದರು. ಆ ಟ್ರಂಕಿಗೆ ಶೇ 5.

ಇನ್ನೊಂದು ಕಡೆಯ ಲೆಕ್ಕ ನೋಡಿ. ಪಾಲಿಕೆಗೆ ಕೊಡಬೇಕಾದವರ ಪಟ್ಟಿಯಲ್ಲಿ ಸರ್ಕಾರಿ ಕಚೇರಿಗಳೇ ಇರುತ್ತವೆ. ಗ್ರಾಮ ಪಂಚಾಯಿತಿಗಳು ಬೀದಿ ದೀಪ, ನೀರಿನ ಮೋಟಾರಿನ ಕರೆಂಟು ಬಿಲ್ಲನ್ನು ವಿದ್ಯುತ್ ಕಂಪನಿಗಳಿಗೆ ಬಾಕಿ ಇಟ್ಟಿರುತ್ತವೆ. ಅಲ್ಲಿ ತಮಟೆ ಕೇಳಿಸಿದ್ದು ನನಗೆ ಗೊತ್ತಿಲ್ಲ. ಅವರ ಬಾಕಿಗೆ ಪತ್ರ ಹೋಗುತ್ತದೆ, ಪತ್ರಕ್ಕೆ ಜ್ಞಾಪನ ಹೋಗುತ್ತದೆ, ಜ್ಞಾಪನ ಕಡತಕ್ಕೆ ಹೋಗುತ್ತದೆ.

ಸರ್ಕಾರದ ಸಾಮಾನನ್ನೂ ಜಪ್ತಿ ಮಾಡುವವರು ಒಬ್ಬರಿದ್ದಾರೆ, ಕೋರ್ಟಿನ ಅಮೀನರು. ಬಾಗಲಕೋಟೆ, ಬೆಳಗಾವಿ ಕಡೆಯ ಪೇಪರ್ ಓದುವವರಿಗೆ ಇದು ಹೊಸದಲ್ಲ. ಅಣೆಕಟ್ಟೆಗೋ ರಸ್ತೆಗೋ ಜಮೀನು ಕೊಟ್ಟ ರೈತನಿಗೆ ಪರಿಹಾರ ಕೊಡಿ ಅಂತ ಕೋರ್ಟು ಹೇಳಿರುತ್ತದೆ. ಕೊಟ್ಟಿರುವುದಿಲ್ಲ. ಒಂದು ದಿನ ಅಮೀನರು ಉಪವಿಭಾಗಾಧಿಕಾರಿ ಕಚೇರಿಗೆ ಬರುತ್ತಾರೆ. ಕುರ್ಚಿ, ಮೇಜು, ಕಂಪ್ಯೂಟರ್, ಜೀಪು ಎಲ್ಲ ಲಾರಿ ಹತ್ತುತ್ತದೆ. ಒಮ್ಮೊಮ್ಮೆ ಜಿಲ್ಲಾಧಿಕಾರಿಗಳ ಕಾರೂ ಹೋಗುತ್ತದೆ. ಫೋಟೊದಲ್ಲಿ ಸಿಬ್ಬಂದಿ ಗೋಡೆಗೆ ಒರಗಿ ನಿಂತಿರುತ್ತಾರೆ. ಮೊದಲು ನಾನೂ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಕುರ್ಚಿಗಳ ಹಿಂದೆ ಪಂಚೆ ಉಟ್ಟ ಮುದುಕ ಒಬ್ಬ ನಿಂತಿರುತ್ತಾನೆ ನೋಡಿ, ಆತ ಜಮೀನು ಕೊಟ್ಟಾಗ ತಲೆ ಕೂದಲು ಕಪ್ಪಗಿತ್ತು. ಎಷ್ಟೋ ಕೇಸುಗಳಲ್ಲಿ ಅಲ್ಲಿ ನಿಂತಿರುವುದು ಮಗ.

ಬಸ್ಸಿನದೂ ಅದೇ ಕಥೆ. ಸರ್ಕಾರಿ ಬಸ್ಸು ಗುದ್ದಿ ಗಂಡ ಸತ್ತಿರುತ್ತಾನೆ. ಇಷ್ಟು ಕೊಡಿ ಅಂತ ಕೋರ್ಟು ಹೇಳುತ್ತದೆ. ಅಪೀಲು ಹೋಗುತ್ತಾರೆ, ಸೋಲುತ್ತಾರೆ, ಆದರೂ ಕೊಡುವುದಿಲ್ಲ. ಕೊನೆಗೆ ಆ ಹೆಂಗಸು ವಕೀಲರ ಜೊತೆ ಬಸ್ ನಿಲ್ದಾಣಕ್ಕೆ ಬಂದು ಬಸ್ಸನ್ನೇ ಜಪ್ತಿ ಮಾಡಿಸಬೇಕು. ಪ್ರಯಾಣಿಕರು ಗೊಣಗುತ್ತಾ ಬ್ಯಾಗು ಇಳಿಸಿಕೊಳ್ಳುತ್ತಾರೆ, ನಮಗೇಕೆ ಈ ಪಾಡು ಅಂತ ಆಕೆಯನ್ನೇ ನೋಡುತ್ತಾರೆ. ಬಸ್ಸು ಕೋರ್ಟಿನ ಆವರಣ ಸೇರಿದ ಮೇಲೆ ಎಷ್ಟೋ ಸಲ ನಾಲ್ಕೇ ದಿನದಲ್ಲಿ ಚೆಕ್ ಬರುತ್ತದೆ. ಅಷ್ಟು ವರ್ಷ ಆ ಚೆಕ್ ಎಲ್ಲಿತ್ತು ಸ್ವಾಮಿ?